ಎರಡು ಬೆರಳು ಹೆಚ್ಚು

ನಮ್ಮೂರಿನಲ್ಲಿ ರಸಾಯನ ಸಂಘದ ಪದಕ ಬಂದವರನ್ನು ಮನೆಗೆ ಕರೆದು ಕಾಫಿ ಕೊಡಬೇಕೆಂದರೆ, ಅವರಿಗೆ ಪದಕ ಬಂದದ್ದು ಯಾವುದಕ್ಕೆ ಎಂದು ಮೊದಲೇ ತಿಳಿದುಕೊಂಡಿರಬೇಕು. ಇಲ್ಲದಿದ್ದರೆ ಮರ್ಯಾದೆ ಹೋಗುತ್ತದೆ. ಹೊಸದಾಗಿ ಬಂದ ಪೋಸ್ಟ್ ಮಾಸ್ಟರರ ಹೆಂಡತಿ ಒಮ್ಮೆ ಮೆಹರುನ್ನೀಸಾ ಮೇಡಂ ಮುಂದೆ ಕಾಫಿ ಲೋಟ, ಸಕ್ಕರೆ ಡಬ್ಬಿ, ಚಮಚ ಮೂರನ್ನೂ ಇಟ್ಟು, ನಿಮಗೆಷ್ಟು ಬೇಕೋ ಹಾಕಿಕೊಳ್ಳಿ ಎಂದು ಒಳಗೆ ಹೋದಳಂತೆ. ಮೇಡಂ ಪಾಪ ಕಾಲು ಗಂಟೆ ಕಲಕಿದರು. ಕಾಫಿ ತಣ್ಣಗಾಯಿತು, ಸಕ್ಕರೆ ಮಾತ್ರ ಹಾಕಿದ್ದು ಹಾಕಿದ ಹಾಗೇ ಲೋಟದ ತಳದಲ್ಲಿ ಕೂತಿತ್ತು. ಸಕ್ಕರೆ ಕರಗುವಾಗ ಒಳಗೆ ಏನೇನು ನಡೆಯುತ್ತದೆ ಎಂದು ಕಂಡುಹಿಡಿದದ್ದಕ್ಕೆ ಹತ್ತೊಂಬತ್ತು ವರ್ಷದ ಹಿಂದೆ ಅವರಿಗೆ ಪದಕ ಬಂತು. ಪದಕ ಕೊರಳಿಗೆ ಬಿದ್ದ ದಿನದಿಂದ ಅವರ ಕೈಯಲ್ಲಿ ಸಕ್ಕರೆ ಕರಗುವುದಿಲ್ಲ.

ಇದು ಅವರೊಬ್ಬರ ಕಥೆಯಲ್ಲ. ಯಾರು ಯಾವುದರ ಮರ್ಮ ಬಿಡಿಸಿ ಪದಕ ಹಾಕಿಸಿಕೊಂಡರೋ, ಅದು ಆಮೇಲೆ ಅವರ ಕೈಯಲ್ಲಿ ನಡೆಯುವುದಿಲ್ಲ. ತೊಂಬತ್ತು ವರ್ಷದ ಹಿಂದೆ ಮೊಟ್ಟಮೊದಲ ಪದಕ ಬಂದದ್ದು ಶಾಯಿ ಮಾಡಿದವರಿಗೆ. ಸಂಘದ ದಪ್ಪ ಪುಸ್ತಕದಲ್ಲಿ ಮೊದಲ ಸಾಲು ಇವತ್ತಿಗೂ ಖಾಲಿಯಾಗಿ ಕಾಣುತ್ತದೆ. ಖಾಲಿಯಲ್ಲ, ಅವರು ಸಹಿ ಹಾಕಿದ್ದಾರೆ, ಶಾಯಿ ನಿಲ್ಲಲಿಲ್ಲ ಅಷ್ಟೇ. ತುಕ್ಕಿನ ಬಗ್ಗೆ ಪದಕ ಬಂದವರ ಕಾಂಪೌಂಡಿಗೆ ಮಳೆಗಾಲದಲ್ಲಿ ಬೀದಿಯವರೆಲ್ಲ ಸೈಕಲ್ ಒರಗಿಸಿ ಬರುತ್ತಾರೆ, ಅಲ್ಲಿ ಒಂದು ಮೊಳೆಗೂ ತುಕ್ಕು ಹಿಡಿಯುವುದಿಲ್ಲ. ಎಲೆಅಡಿಕೆ ಹಾಕಿದರೆ ಬಾಯಿ ಯಾಕೆ ಕೆಂಪಾಗುತ್ತದೆ ಎಂದು ಹೇಳಿದವರು ಪುಟ್ಟಸ್ವಾಮಪ್ಪ. ಬದುಕಿರುವ ಪದಕದವರಲ್ಲಿ ಅವರೇ ಹಿರಿಯರು, ಎಂಬತ್ತಾರು ವರ್ಷ. ದಿನಕ್ಕೆ ಎಂಟು ಸಲ ಎಲೆ ಹಾಕುತ್ತಾರೆ, ಬಾಯಿ ಮಾತ್ರ ಹಸುಗೂಸಿನ ಬಾಯಿಯ ಹಾಗೆ ಶುಭ್ರವಾಗಿರುತ್ತದೆ. ಹೊರಗಿನವರು ಇದನ್ನು ಕೇಳಿ ಅಯ್ಯೋ ಎನ್ನುತ್ತಾರೆ. ನಾವು ಹಾಗೆ ಅನ್ನುವುದಿಲ್ಲ. ಸೋಪಿನ ಶ್ರೀಕಂಠಯ್ಯನವರು ದಿನಾ ಬೆಳಗ್ಗೆ ನಮ್ಮ ಹೋಟೆಲಿಗೆ ಬಂದು ಮೆಹರುನ್ನೀಸಾ ಮೇಡಂ ಎದುರು ಕೂತು ಅವರ ಕಾಫಿಗೆ ಸಕ್ಕರೆ ಕಲಕಿ ಕೊಡುತ್ತಾರೆ. ಶ್ರೀಕಂಠಯ್ಯನವರ ಕೈಯಲ್ಲಿ ಸೋಪು ನೊರೆ ಬಿಡುವುದಿಲ್ಲವಲ್ಲ, ಅವರ ಕನ್ನಡಕವನ್ನು ಮೇಡಂ ನಲ್ಲಿಗೆ ಒಯ್ದು ಸೋಪು ಹಚ್ಚಿ ತೊಳೆದು ತರುತ್ತಾರೆ. ಹದಿನೈದು ವರ್ಷದಿಂದ ಇದು ಹೀಗೇ ನಡೆದಿದೆ.

ಹೋಟೆಲ್ ಎಂದೆನಲ್ಲ, ಅದು ನಮ್ಮದು. ಸಂಘದ ಕಟ್ಟಡದ ಎದುರಿಗೇ ಇದೆ. ಗಲ್ಲಾದಲ್ಲಿ ನನ್ನ ಯಜಮಾನರು ಕೂರುತ್ತಾರೆ, ಮಾರ್ಕೆಟ್ಟಿನ ಓಡಾಟವೆಲ್ಲ ಮೈದುನನದು, ಅಡಿಗೆಮನೆ ನನ್ನದು. ಅಡಿಗೆಮನೆಯಲ್ಲಿ ಮೈದುನನ ಹೆಂಡತಿ ವಿಶಾಲಾಕ್ಷಿಯೂ ಇದ್ದಾಳೆ. ಆದರೂ ಅಡಿಗೆಮನೆ ನನ್ನದು ಎಂದೇ ಹೇಳಿದೆ ನೋಡಿ, ನನ್ನ ಬುದ್ಧಿ ಎಂಥದ್ದು ಎಂದು ನಿಮಗೆ ಈಗಲೇ ಗೊತ್ತಾಗಿಬಿಡಲಿ. ವಿಶಾಲುವಿಗೆ ಚಟ್ನಿ, ಸಾಂಬಾರು, ಪಲ್ಯ ಎಲ್ಲ ಬಿಟ್ಟುಕೊಟ್ಟಿದ್ದೆ. ಇಡ್ಲಿ ಹಿಟ್ಟಿನ ದಬರಿಗೆ ಮಾತ್ರ ನನ್ನ ಕೈ ಬಿಟ್ಟು ಇನ್ನೊಂದು ಕೈ ಬೀಳುವ ಹಾಗಿರಲಿಲ್ಲ. ಇಂದಕ್ಕನ ಇಡ್ಲಿ ಅಂದರೆ ಊರಿಗೆ ಊರೇ ಬರುತ್ತಿತ್ತು. ಅವಳ ಕೈಗುಣ ಎನ್ನುತ್ತಿದ್ದರು. ನಾನು ಏನಿಲ್ಲ ಬಿಡಿ ಎಂದು ಬಾಯಲ್ಲಿ ಹೇಳಿ ಒಳಗೊಳಗೇ ಉಬ್ಬುತ್ತಿದ್ದೆ.

ವರ್ಷಕ್ಕೊಮ್ಮೆ ಹೊಸ ಪದಕ ಕೊಡುವ ದಿನ ಹಿಂದಿನ ಪದಕದವರಿಗೆಲ್ಲ ಸಂಘದಲ್ಲಿ ಊಟ. ಇಪ್ಪತ್ತೆರಡು ವರ್ಷದಿಂದ ಆ ಊಟ ನನ್ನದೇ. ಹನ್ನೊಂದು ಜನಕ್ಕೆ ಬಡಿಸುವುದು ದೊಡ್ಡ ಕೆಲಸವಲ್ಲ, ಆದರೆ ಈ ಹನ್ನೊಂದು ಜನಕ್ಕೆ ಬಡಿಸುವುದು ದೊಡ್ಡ ಕೆಲಸವೇ. ಅದಕ್ಕೆಂದೇ ಒಂದು ಉದ್ದನೆಯ ನೋಟುಬುಕ್ಕು ಇಟ್ಟಿದ್ದೆ. ಯಾರ ಹತ್ತಿರ ಕೈತೊಳೆಯಲು ಸೋಪಿನ ಬದಲು ಕಡಲೆಹಿಟ್ಟು ಇಡಬೇಕು, ಯಾರ ಪಾಯಸ ಅವರ ಕೈಗೆ ಹೋಗುವ ಮೊದಲೇ ಕಲಕಿರಬೇಕು, ಯಾರಿಗೆ ದೀಪ ಹಚ್ಚಲು ಬೆಂಕಿಪೊಟ್ಟಣ ಕೊಡಬಾರದು, ಎಲ್ಲ ಅದರಲ್ಲಿ ಬರೆದಿತ್ತು. ತೀರಿಹೋದವರ ಹೆಸರೂ ಇತ್ತು, ಅಳಿಸಲು ಮನಸ್ಸು ಬಂದಿರಲಿಲ್ಲ. ಅದೇ ನೋಟುಬುಕ್ಕನ್ನು ತಿರುಗಿಸಿ ಹಿಂದಿನಿಂದ ತೆರೆದರೆ ನನ್ನ ಹಿಟ್ಟಿನ ವಿಷಯ. ಯಾವತ್ತು ಹಿಟ್ಟು ಎಷ್ಟು ಬೆರಳು ಉಬ್ಬಿತು, ಅವತ್ತು ಮೋಡವಿತ್ತೋ ಬಿಸಿಲಿತ್ತೋ, ಬಾವಿಯ ನೀರೋ ನಲ್ಲಿಯ ನೀರೋ, ಉಪ್ಪು ಮೊದಲು ಹಾಕಿದೆನೋ ಆಮೇಲೋ, ಸೌಟಿನಲ್ಲಿ ಕಲಸಿದೆನೋ ಕೈಯಲ್ಲೋ, ಬಲಗೈಯೋ ಎಡಗೈಯೋ. ಕೊನೆಗೆ ಗೆರೆ ಎಳೆದು ಒಂದು ಮನೆ ಮಾಡಿ ಅದರ ತಲೆಯ ಮೇಲೆ 'ಕೈ' ಎಂದು ಬರೆದಿದ್ದೆ. ಅದರ ಕೆಳಗೆ ಇಪ್ಪತ್ತೆರಡು ವರ್ಷವೂ 'ನಾನು, ನಾನು, ನಾನು'. ಯಾರಿಗೂ ತೋರಿಸಲು ಬರೆದದ್ದಲ್ಲ. ನನಗೆ ಒಂದು ದಿನ ಹಿಟ್ಟು ಚೆನ್ನಾಗಿ ಬಂದು ಇನ್ನೊಂದು ದಿನ ಬಾರದಿದ್ದರೆ ಯಾಕೆ ಎಂದು ತಿಳಿಯುವವರೆಗೆ ಊಟ ಸೇರುತ್ತಿರಲಿಲ್ಲ, ಅದಕ್ಕೆ.

ಈ ವರ್ಷ ತೊಂಬತ್ತನೆಯ ಪದಕ. ಆ ನೆಪದಲ್ಲಿ ಹಿಂದಿನ ಪದಕದವರ ಹೆಸರಿನ ಪುಸ್ತಕವೊಂದನ್ನು ಅಚ್ಚು ಹಾಕಿಸಬೇಕೆಂದು ಸಂಘದವರು ಹೊರಟರು. ಸಂಘದ ದಾಖಲೆಗಿಂತ ಇಂದಕ್ಕನ ನೋಟುಬುಕ್ಕೇ ನಂಬಿಕೆಯದು ಎಂದು ಮೆಹರುನ್ನೀಸಾ ಮೇಡಂ ಅದನ್ನು ಕೇಳಿ ಒಯ್ದರು. ನಾನು ಹೆಮ್ಮೆಯಿಂದಲೇ ಕೊಟ್ಟೆ. ಬೇರೆ ಯಾರಾದರೂ ಆಗಿದ್ದರೆ ಮುಂದಿನ ಹಾಳೆಗಳನ್ನು ನಕಲು ಮಾಡಿಕೊಂಡು ಹಿಂತಿರುಗಿಸುತ್ತಿದ್ದರು. ಪದಕದವರ ಜಾತಿಯೇ ಬೇರೆ. ಅಕ್ಕಿ ಕಟ್ಟಿಕೊಟ್ಟ ಕಾಗದವನ್ನೂ ಎರಡು ಕಡೆ ಓದದೆ ಬಿಡುವವರಲ್ಲ. ಮೇಡಂ ಅದನ್ನು ತಿರುಗಿಸಿದರು. ಮೂರು ದಿನ ಹನ್ನೊಂದು ಜನವೂ ಸಂಘದ ಬಾಗಿಲು ಹಾಕಿಕೊಂಡು ಒಬ್ಬರು ಓದಿ ಉಳಿದವರು ಕೇಳಿದರಂತೆ. ಸೋಪು ಹಾಕಿ ಕೈತೊಳೆದ ಕೂಡಲೇ ಕಲಸಿದರೆ ಹಿಟ್ಟು ಅರ್ಧ ಬೆರಳು ಕಡಿಮೆ ಉಬ್ಬುತ್ತದೆ ಎಂದು ಬರೆದ ಸಾಲಿಗೆ ಶ್ರೀಕಂಠಯ್ಯನವರು ಎದ್ದು ನಿಂತುಬಿಟ್ಟರಂತೆ. ನಾಲ್ಕನೆಯ ದಿನ ಸಂಘದ ಮುದ್ರೆ ಒತ್ತಿದ ಕಾಗದ ಬಂತು. ತೊಂಬತ್ತನೆಯ ಪದಕ ಶ್ರೀಮತಿ ಇಂದುಮತಿಯವರಿಗೆ, ಹಿಟ್ಟು ಹುದುಗುವ ಬಗೆಯನ್ನು ಕುರಿತ ಕೆಲಸಕ್ಕೆ.

ಯಜಮಾನರು ಗಲ್ಲಾ ಬಿಟ್ಟು ಒಳಗೆ ಬಂದು ಓದಿದರು. ನಾನು ಒಂದು ನಿಮಿಷ ನೆಲದ ಮೇಲೆ ಇರಲಿಲ್ಲ. ಎರಡನೆಯ ನಿಮಿಷಕ್ಕೆ ಕಣ್ಣು ದಬರಿಯ ಮೇಲೆ ಬಿತ್ತು, ಧೊಪ್ಪೆಂದು ಕೆಳಗಿಳಿದೆ. ಪದಕ ಕೊರಳಿಗೆ ಬಿದ್ದರೆ ಹಿಟ್ಟು ನನ್ನ ಕೈಯಲ್ಲಿ ಉಬ್ಬುವುದಿಲ್ಲ. ಇವತ್ತು ಸರಿಯಿಲ್ಲ, ನಾಳೆ ಸರಿಹೋಗುತ್ತದೆ ಎಂಬ ಮಾತೇ ಇಲ್ಲ, ಇನ್ನು ಯಾವತ್ತೂ ಇಲ್ಲ. ವಿಶಾಲು ನನ್ನ ಮುಖ ನೋಡಿದಳು. ಅವಳಿಗೆ ಅರ್ಥವಾಗಿತ್ತು. ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ಒರೆಸಿಕೊಂಡು, "ಯೋಚ್ನೆ ಮಾಡ್ಬೇಡಕ್ಕ, ಹಿಟ್ಟು ನಾನು ಕಲಸ್ತೀನಿ" ಎಂದಳು.

"ನಿನ್ ಕೈಗೆ ಬರಲ್ಲ ಅದು," ಎಂದೆ. ಬಾಯಿ ನನ್ನನ್ನು ಕೇಳಲೇ ಇಲ್ಲ, ತಾನಾಗಿ ಹೇಳಿಬಿಟ್ಟಿತು. ವಿಶಾಲು ಹೋಗಿ ಮತ್ತೆ ತೆಂಗಿನಕಾಯಿ ಹಿಡಿದಳು.

ಈಗ ಒಂದು ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದನ್ನು ಬಿಟ್ಟರೆ ಕಥೆಯೇ ಇಲ್ಲ. ಹದಿನಾಲ್ಕು ವರ್ಷದ ಹಿಂದೆ ನನಗೆ ಮೂರು ದಿನ ವಿಪರೀತ ಜ್ವರ ಬಂದಿತ್ತು. ವಿಶಾಲು ಆಗ ಮದುವೆಯಾಗಿ ಬಂದು ಎರಡು ವರ್ಷ. ಹೋಟೆಲ್ ಮುಚ್ಚುವ ಹಾಗಿಲ್ಲ, ಅವಳೇ ಹಿಟ್ಟು ಕಲಸಿದಳು. ಮೂರು ದಿನವೂ ಬೆಳಗ್ಗೆ ನಾನು ಗೋಡೆ ಹಿಡಿದುಕೊಂಡು ಅಡಿಗೆಮನೆಗೆ ಬಂದು ದಬರಿಯೊಳಗೆ ಬೆರಳಿಟ್ಟು ನೋಡಿದೆ. ಒಂದು ದಿನ ತಪ್ಪಿದ್ದರೆ ಜ್ವರದ ಭ್ರಮೆ ಎನ್ನಬಹುದಿತ್ತು. ಮೂರು ದಿನವೂ ನನ್ನ ಹಿಟ್ಟಿಗಿಂತ ಎರಡು ಬೆರಳು ಹೆಚ್ಚು ಉಬ್ಬಿತ್ತು. ಗಿರಾಕಿಗಳು ಎರಡನೆಯ ಸಲ ಹಾಕಿಸಿಕೊಂಡು ತಿಂದರೆಂದು ಯಜಮಾನರು ಖುಷಿಯಾಗಿ ಬಂದು ಹೇಳಿದರು. ನನಗೆ ಜ್ವರ ಇನ್ನೂ ಒಂದು ಡಿಗ್ರಿ ಏರಿತು. ಬರೆಯದೆ ಇರುವುದು ನನ್ನಿಂದಾಗದು, ಆದ್ದರಿಂದ ಮೂರು ದಿನದ್ದನ್ನೂ ಪ್ರಾಮಾಣಿಕವಾಗಿ ಬರೆದೆ. ಬರೆದ ಮೇಲೆ ಅದೇ ಹಿಟ್ಟನ್ನು ಒಂದು ಚಮಚ ತೆಗೆದು ಆ ಎರಡು ಹಾಳೆಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟೆ. ನಾಲ್ಕನೆಯ ದಿನ ಎದ್ದು ವಿಶಾಲುವಿಗೆ, ಇಡ್ಲಿ ಹುಳಿಯಾಗಿತ್ತೆಂದು ಗಿರಾಕಿಗಳು ಗೊಣಗಿದರು, ಇನ್ನು ಮೇಲೆ ನೀನು ಚಟ್ನಿ ನೋಡಿಕೋ ಎಂದೆ. ಅವತ್ತಿನಿಂದ ಅವಳು ಚಟ್ನಿ ನೋಡಿಕೊಂಡಳು. ಅವಳ ಚಟ್ನಿಗೂ ಊರು ಮುಗಿಬೀಳುತ್ತಿತ್ತು, ಆದರೆ ಕೈಗುಣ ಎಂಬ ಮಾತನ್ನು ನಾನು ಅದಕ್ಕೆ ಬಳಸಲು ಬಿಡಲಿಲ್ಲ.

ಸಂಘದವರು ಓದುವಾಗ ಆ ಹಾಳೆಗಳು ಹಿಟ್ಟು ಚೆಲ್ಲಿ ಅಂಟಿಕೊಂಡಿವೆ ಎಂದುಕೊಂಡರಂತೆ. ಮೇಡಂ ನೋಟುಬುಕ್ಕು ಹಿಂತಿರುಗಿಸುವಾಗ ಒಂದು ಅನುಮಾನವನ್ನೂ ಜೊತೆಗೆ ಕೊಟ್ಟರು. ಎಲ್ಲ ಸರಿ, ಆದರೆ ಎಲ್ಲ ಒಂದೇ ಕೈಯ ಕೆಲಸ, ಬೇರೆ ಕೈಯಲ್ಲಿ ಮಾಡಿಸಿ ನೋಡಲೇ ಇಲ್ಲವೇ ಎಂದು ಪುಟ್ಟಸ್ವಾಮಪ್ಪನವರು ಕೇಳಿದ್ದಾರಂತೆ. ನಾನು ಒಲೆಯ ಕಡೆ ತಿರುಗಿಕೊಂಡು ಇಲ್ಲ ಎಂದೆ.

ಪದಕ ಕೊಡುವ ದಿನ ಸಂಘದಲ್ಲಿ ಒಂದು ಪದ್ಧತಿ ಇದೆ. ಪದಕ ಪಡೆಯುವವರು ತಮ್ಮ ಕೆಲಸವನ್ನು ಹಿಂದಿನವರ ಎದುರು ಪೂರ್ತಿ ಓದಬೇಕು. ಓದಿ ಮುಗಿದ ಮೇಲೆ ಎಲ್ಲರಿಗಿಂತ ಹಿರಿಯರು ಎದ್ದು ಒಂದೇ ಪ್ರಶ್ನೆ ಕೇಳುತ್ತಾರೆ, ಏನಾದರೂ ಮುಚ್ಚಿಟ್ಟಿದ್ದೀರಾ ಎಂದು. ಅದಕ್ಕೆ ಉತ್ತರ ಕೊಟ್ಟ ಮೇಲೆಯೇ ಪದಕ. ಇಪ್ಪತ್ತೆರಡು ವರ್ಷ ಬಾಗಿಲ ಬಳಿ ಪಾಯಸದ ಪಾತ್ರೆ ಹಿಡಿದುಕೊಂಡು ಆ ಪ್ರಶ್ನೆ ಕೇಳಿದ್ದೇನೆ. ಉತ್ತರ ಮುಗಿದರೆ ಸಾಕಪ್ಪ, ಪಾಯಸ ಆರಿಹೋಗುತ್ತದೆ ಎಂದು ಆಗ ನನ್ನ ಚಿಂತೆ.

ಪದಕವೇ ಬೇಡ ಎಂದುಬಿಟ್ಟರೆ ಎಲ್ಲ ಸರಿಹೋಗುತ್ತದಲ್ಲ ಎಂದು ಹೊಳೆಯಿತು. ಹಿಟ್ಟೂ ಉಳಿಯುತ್ತದೆ, ಮಾನವೂ ಉಳಿಯುತ್ತದೆ, ಹಾಳೆಗಳು ಅಂಟಿಕೊಂಡೇ ಇರುತ್ತವೆ. ತೊಂಬತ್ತು ವರ್ಷದಲ್ಲಿ ಹಾಗೆ ಬೇಡ ಎಂದವಳು ಒಬ್ಬಳೇ, ಬಟ್ಟೆಗೆ ನೀಲಿ ಬಣ್ಣ ಹಾಕುವ ಮಾದಮ್ಮ. ಸಂಘದ ಹಲಗೆಯ ಮೇಲೆ ಆ ವರ್ಷದ ಎದುರು ಬರೀ ಜಾಗ ಬಿಟ್ಟಿದ್ದಾರೆ. ಮೂವತ್ತೇಳು ವರ್ಷದ ಹಿಂದಿನ ಮಾತು. ಅವಳನ್ನೇ ಕೇಳೋಣವೆಂದು ಒಂದು ಮಧ್ಯಾಹ್ನ ಹೋಟೆಲಿನ ಕೆಲಸ ಮುಗಿಸಿ ಹೊಳೆಯ ದಾರಿ ಹಿಡಿದೆ.

ಮಾದಮ್ಮ ನೆಲದಲ್ಲಿ ಹೂತ ಗುಡಾಣದ ಪಕ್ಕ ಕೂತಿದ್ದಳು. ಎರಡೂ ಕೈ ಮೊಣಕೈವರೆಗೆ ನೀಲಿ. ಎಪ್ಪತ್ತು ದಾಟಿದ್ದರೂ ನಗು ಜೋರು. ನಾನು ಬಂದ ಕಾರಣ ಹೇಳುವ ಮೊದಲೇ ಅವಳಿಗೆ ತಿಳಿದಿತ್ತು, ನಮ್ಮೂರಿನಲ್ಲಿ ಸುದ್ದಿಗೆ ಕಾಲು ಬೇಕಾಗಿಲ್ಲ. ಆಗ ಪದಕ ಬೇಡ ಎಂದದ್ದಕ್ಕೆ ಬೇಜಾರಿದೆಯೇ ಎಂದು ಕೇಳಿದೆ. ಬೇಜಾರೆಂಥದು, ದಿನಾ ಬಣ್ಣ ಅದ್ದಿದ್ದೇನೆ, ದಿನಾ ಊಟ ರುಚಿಸಿದೆ ಎಂದಳು. ಅಂಗಳದ ಹಗ್ಗದ ಮೇಲೆ ಹತ್ತಾರು ಸೀರೆಗಳು ಒಣಗುತ್ತಿದ್ದವು. ಅಂಥ ನೀಲಿಯನ್ನು ನೀವು ಬೇರೆಲ್ಲೂ ನೋಡಿರಲಾರಿರಿ. ಮುಂದೆ ಇದನ್ನು ಯಾರು ಮಾಡುತ್ತಾರೆ ಎಂದು ನಾನು ಸುಮ್ಮನೆ ಮಾತಿಗೆ ಕೇಳಿದೆ.

ಮಾದಮ್ಮ ಗುಡಾಣದೊಳಗೆ ಕೋಲಾಡಿಸುವುದನ್ನು ನಿಲ್ಲಿಸಿದಳು. "ಯಾರೂ ಇಲ್ಲ ಕಣವ್ವ. ಮಗಳು ಕೇಳಿದ್ಲು, ಸೊಸೆ ಕೇಳಿದ್ಲು. ನನ್ ಕೈ ಇರೋವಾಗ ನಿಮ್ಗ್ಯಾಕೆ ಅಂದೆ. ಆ ಪದಕ ಹಾಕ್ಕೊಂಡಿದ್ರೆ ಬೇರೆ ದಾರಿ ಇಲ್ದೆ ಹೇಳ್ಕೊಡ್ತಿದ್ನೇನೋ. ನನ್ ಕೈ ಉಳಿಸ್ಕೊಂಡೆ. ಕೈ ಒಂದೇ ಉಳೀತು."

ಹೇಳಿದ ಮೇಲೆ ಮತ್ತೆ ಅದೇ ಜೋರು ನಗು ನಕ್ಕು, ಬಂದದ್ದಕ್ಕೆ ಒಂದು ಚೌಕ ತಗೋ ಎಂದು ನನ್ನ ಹೆಗಲಿಗೆ ನೀಲಿ ಚೌಕವೊಂದನ್ನು ಎಸೆದಳು. ಅದು ಇನ್ನೂ ಒದ್ದೆಯಿತ್ತು, ನನ್ನ ಬಿಳಿ ರವಿಕೆ ಅವತ್ತು ಹಾಳಾಯಿತು. ದಾರಿಯುದ್ದಕ್ಕೂ ರವಿಕೆಯ ಚಿಂತೆ ಮಾಡಲು ನೋಡಿದೆ, ಆಗಲಿಲ್ಲ. ವಿಶಾಲು ತೆಂಗಿನಕಾಯಿ ತುರಿಯುವುದೇ ಕಣ್ಣಿಗೆ ಬರುತ್ತಿತ್ತು.

ಪದಕದ ದಿನ ಬೆಳಗ್ಗೆ ಇಡ್ಲಿ ಬೇಯಲು ಇಟ್ಟು, ಯಾರೂ ಇಲ್ಲದ ಹೊತ್ತು ನೋಡಿ, ಅಂಟಿದ ಹಾಳೆಗಳನ್ನು ಹಬೆಯ ಮೇಲೆ ಹಿಡಿದೆ. ಹದಿನಾಲ್ಕು ವರ್ಷದ ಹಿಟ್ಟು, ನಾಲ್ಕು ನಿಮಿಷಕ್ಕೆ ಬಿಟ್ಟುಕೊಂಡಿತು. ಅಕ್ಷರಗಳು ಒಂದೂ ಅಳಿಸಿರಲಿಲ್ಲ. ಅಳಿಸಿದ್ದರೆ ಒಳ್ಳೆಯದಿತ್ತು ಎಂದು ಒಂದು ಗಳಿಗೆ ಅನಿಸಿದ್ದೂ ಸುಳ್ಳಲ್ಲ. 'ಕೈ' ಎಂಬ ಮನೆಯಲ್ಲಿ ಆ ಮೂರು ದಿನ ಏನನ್ನೂ ಬರೆದಿರಲಿಲ್ಲ. ಬೆರಳುಗಳ ಸಂಖ್ಯೆಯನ್ನು ಬರೆಯುವಷ್ಟು ಪ್ರಾಮಾಣಿಕತೆ ಇತ್ತು, ಹೆಸರು ಬರೆಯುವಷ್ಟು ಇರಲಿಲ್ಲ.

ಸಂಘದ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲಿ ಹನ್ನೊಂದು ಜನ, ಹಿಂದೆ ಊರಿನವರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ನಾನು ಸಭೆಯ ಒಳಗಿದ್ದೆ, ಬಾಗಿಲ ಬಳಿ ಪಾಯಸದ ಪಾತ್ರೆ ಹಿಡಿದು ವಿಶಾಲು ನಿಂತಿದ್ದಳು. ನೋಟುಬುಕ್ಕು ಪೂರ್ತಿ ಓದಲು ಎರಡು ಗಂಟೆ ಹಿಡಿಯಿತು. ಜನ ಆಕಳಿಸಲಿಲ್ಲ. ಉಪ್ಪಿನ ಭಾಗ ಬಂದಾಗ ಹೆಂಗಸರು ತಮ್ಮತಮ್ಮಲ್ಲೇ ಜಗಳಕ್ಕೆ ಬಿದ್ದರು, ಮೇಡಂ ಸುಮ್ಮನಿರಿಸಬೇಕಾಯಿತು. ಜ್ವರದ ದಿನಗಳು ಬಂದವು. ನಾನು ಒಂದೇ ಸಲಕ್ಕೆ ಎರಡು ಹಾಳೆ ಮಗುಚಿ ಮುಂದೆ ಓದಿದೆ. ಇಷ್ಟೆಲ್ಲ ಮಾಡಿ ಕೊನೆಗಳಿಗೆಯಲ್ಲಿ ಧೈರ್ಯ ಕೈಕೊಟ್ಟಿತು.

ಓದಿ ಮುಗಿಯಿತು. ಪುಟ್ಟಸ್ವಾಮಪ್ಪನವರು ಕೋಲು ಊರಿ ಎದ್ದರು. ಬಾಯಲ್ಲಿ ಎಲೆಅಡಿಕೆ ಇತ್ತು, ಹಲ್ಲು ಹಾಲಿನ ಬಣ್ಣ.

"ಇಂದುಮತಿಯವ್ರೇ, ಏನಾದ್ರೂ ಮುಚ್ಚಿಟ್ಟಿದ್ದೀರಾ?"

ಉತ್ತರಕ್ಕೆ ಅಷ್ಟು ಹೊತ್ತು ಬೇಕಾಗುತ್ತದೆ ಎಂದು ಹೊರಗೆ ನಿಂತಾಗ ನನಗೆ ತಿಳಿದಿರಲಿಲ್ಲ. ವಿಶಾಲುವಿನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ಪಾಯಸ ಕೆನೆಕಟ್ಟದ ಹಾಗೆ ಮೆಲ್ಲಗೆ ಸೌಟಾಡಿಸುತ್ತಿದ್ದಳು. ಅದು ಇಪ್ಪತ್ತೆರಡು ವರ್ಷ ನಾನು ಮಾಡಿದ ಕೆಲಸ, ನನಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದಳು.

"ಎರಡು ಹಾಳೆ ಮುಚ್ಚಿಟ್ಟಿದೀನಿ," ಎಂದೆ.

ಅವು ತಾವಾಗಿ ಅಂಟಿದ್ದಲ್ಲ, ಹಿಟ್ಟು ಹಚ್ಚಿ ಅಂಟಿಸಿದವಳು ನಾನೇ ಎಂದು ಹೇಳಿ, ಆ ಹಾಳೆಗಳನ್ನು ತೆರೆದು ಓದಿದೆ. ಮೂರು ದಿನದ ಮೋಡ, ನೀರು, ಉಪ್ಪು, ಬೆರಳು ಎಲ್ಲ ಓದಿದೆ. ಆ ಕೈ ನನ್ನದಲ್ಲ, ನನ್ನ ವಾರಗಿತ್ತಿ ವಿಶಾಲಾಕ್ಷಿಯದು, ನನ್ನದಕ್ಕಿಂತ ಎರಡು ಬೆರಳು ಹೆಚ್ಚು ಉಬ್ಬಿತ್ತು ಎಂದೆ. ಇಡ್ಲಿ ಹುಳಿಯಾಗಿತ್ತು ಎಂದು ನಾನು ಅವಳಿಗೆ ಹೇಳಿದ್ದು ಸುಳ್ಳು, ಯಾರೂ ಹಾಗೆ ಹೇಳಿರಲಿಲ್ಲ, ಎರಡನೆಯ ಸಲ ಹಾಕಿಸಿಕೊಂಡು ತಿಂದರು ಎಂದೂ ಸೇರಿಸಿದೆ. ಸಭೆಯಲ್ಲಿ ಅಳುವ ಹೆಂಗಸು ನಾನಲ್ಲ, ಆದರೆ ಅವತ್ತು ಮಾದಮ್ಮನ ನೀಲಿ ಚೌಕ ಒದ್ದೆಯಾಯಿತು.

ಮುಂದಿನ ಸಾಲಿನಲ್ಲಿ ಗುಸುಗುಸು ನಡೆಯಿತು. ನನ್ನನ್ನು ಎಬ್ಬಿಸಿ ಕಳಿಸುತ್ತಾರೆ ಎಂದುಕೊಂಡೆ. ನೋಡಿದರೆ ಹನ್ನೊಂದು ಮುಖವೂ ಅರಳಿಕೊಂಡಿದ್ದವು. ಒಂದೇ ಕೈಯ ಕೆಲಸ ಎಂಬ ಕೊರತೆಯೊಂದು ಇತ್ತು, ಇನ್ನೊಂದು ಕೈ ಬಂತು, ಈಗ ಕೆಲಸ ಪೂರ್ತಿಯಾಯಿತು ಎಂದು ಪುಟ್ಟಸ್ವಾಮಪ್ಪನವರು ತೀರ್ಪು ಕೊಟ್ಟರು. ನಾನು ನನ್ನ ಮಾನ ಕಳೆದುಕೊಂಡು ಕೂತಿದ್ದರೆ ಇವರಿಗೆ ಮೂರು ದಿನದ ಲೆಕ್ಕ ಹೆಚ್ಚು ಸಿಕ್ಕಿದ್ದರ ಸಂಭ್ರಮ. ಹಾಗಿದ್ದರೆ ವಿಶಾಲಾಕ್ಷಿಯವರ ಕೊರಳಿಗೂ ಒಂದು ಪದಕ ಹಾಕಬೇಕಲ್ಲವೇ ಎಂದು ಶ್ರೀಕಂಠಯ್ಯನವರು ಉತ್ಸಾಹದಿಂದ ಎದ್ದರು.

ಬಾಗಿಲಿನಿಂದ ವಿಶಾಲುವಿನ ದನಿ ಬಂತು. "ಬೇಡಿ ಸಾರ್. ನಂಗೂ ಹಾಕ್ಬಿಟ್ರೆ ನಾಳೆ ಇಡ್ಲಿ ಯಾರು ಮಾಡ್ತಾರೆ?"

ಇಡೀ ಸಭೆ ನಕ್ಕಿತು. ಆ ನಗುವಿನ ನಡುವೆಯೇ ನನ್ನ ಕೊರಳಿಗೆ ಪದಕ ಬಿತ್ತು. ತಣ್ಣಗಿತ್ತು, ಎಣಿಸಿದ್ದಕ್ಕಿಂತ ಹಗುರವಾಗಿತ್ತು. ಊಟಕ್ಕೆ ಕೂತಾಗ ಹಿಂದಿನವರೆಲ್ಲ ತಮ್ಮ ಮೊದಲ ವಾರದ ಕಥೆ ಹೇಳಿದರು. ಮೇಡಂ ಮೊದಲ ದಿನ ಮೂರು ಲೋಟ ಕಾಫಿ ಚೆಲ್ಲಿದರಂತೆ. ಶ್ರೀಕಂಠಯ್ಯನವರು ಸೋಪೇ ನಕಲಿ ಎಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗಿದ್ದರಂತೆ. ಇವರಿಗೆಲ್ಲ ಇಷ್ಟು ವರ್ಷ ನಾನು ಬಡಿಸಿದ್ದೇನೆ, ಈ ಕಥೆಗಳನ್ನು ಯಾರೂ ಹೇಳಿರಲಿಲ್ಲ. ನನ್ನ ಎಲೆಯ ಮುಂದೆ ವಿಶಾಲು ಬಂದು ಪಾಯಸ ಬಡಿಸಿದಳು, ನಕ್ಕಳು, ಆದರೆ ಕಣ್ಣು ಕೊಡಲಿಲ್ಲ.

ಸಂಜೆ ಅಡಿಗೆಮನೆಯಲ್ಲಿ ಇಬ್ಬರೇ. ಉದ್ದು ರುಬ್ಬಿ ಆಗಿತ್ತು. ನಾನು ದಬರಿಯನ್ನು ಅವಳ ಮುಂದೆ ಸರಿಸಿ, ತಪ್ಪಾಯ್ತು ವಿಶಾಲು ಎಂದೆ. ಅವಳು ಸೀರೆಯ ಸೆರಗು ಸಿಕ್ಕಿಸಿಕೊಂಡಳು, ಕೈತೊಳೆದಳು, ಸೋಪು ಮುಟ್ಟಲಿಲ್ಲ. ಓದಿದ್ದನ್ನು ಬಾಗಿಲಲ್ಲಿ ನಿಂತು ಗಮನವಿಟ್ಟು ಕೇಳಿದ್ದಾಳೆ ಎಂದು ಗೊತ್ತಾಯಿತು.

"ನೀನು ಹುಳಿ ಅಂದ್ಮೇಲೆ ಆರು ತಿಂಗಳು ದಿನಾ ನನ್ ಕೈ ಮೂಸಿ ನೋಡ್ಕೊತಿದ್ದೆ ಅಕ್ಕ," ಎಂದಳು. "ಏನ್ ವಾಸನೆ ಇದ್ಯೋ, ನಂಗ್ಯಾಕೆ ಗೊತ್ತಾಗ್ತಿಲ್ವೋ ಅಂತ."

ಅವಳು ಕೈಯನ್ನು ದಬರಿಗೆ ಇಳಿಸಿ ತಳದಿಂದ ಎತ್ತಿ ಎತ್ತಿ ಕಲಸತೊಡಗಿದಳು. ನಾನು ಮಣೆಯ ಮೇಲೆ ಕೂತು, ಅಷ್ಟು ಜೋರು ಬೇಡ, ಉಪ್ಪು ಈಗಲೇ ಬೇಡ, ಎಡಗಡೆಯಿಂದ ಬಾ ಎಂದು ಹೇಳುತ್ತಲೇ ಇದ್ದೆ. ಐದಾರು ಸಲ ಕೇಳಿಸಿಕೊಂಡು ಅವಳು, ಪದಕ ಬಂದವರು ಸುಮ್ಮನೆ ಕೂತರೆ ಚೆಂದ ಎಂದಳು. ಆಗ ಕಣ್ಣು ಕೊಟ್ಟಳು. ಆದರೂ ಚಪಲ ಬಿಡದೆ ಒಂದು ಬಟ್ಟಲಿನಷ್ಟು ಹಿಟ್ಟು ತೆಗೆದು ನಾನೂ ಕಲಸಿ ಪಕ್ಕದಲ್ಲಿಟ್ಟೆ. ನಮ್ಮೂರಿನ ನಿಯಮ ನನಗೊಬ್ಬಳಿಗೆ ಸಡಿಲವಾಗಬಹುದೇನೋ ಎಂದು ಆಸೆ.

ಬೆಳಗ್ಗೆ ನೋಡಿದರೆ ನನ್ನ ಬಟ್ಟಲಿನ ಹಿಟ್ಟು ಗೋಡೆಗೆ ಬಳಿಯುವ ಸುಣ್ಣದ ಹಾಗೆ ತೆಪ್ಪಗೆ ಕೂತಿತ್ತು, ಒಂದು ಗುಳ್ಳೆ ಇಲ್ಲ. ಅದರ ಪಕ್ಕದಲ್ಲಿ ದಬರಿಯ ಮುಚ್ಚಳ ಓರೆಯಾಗಿತ್ತು, ಹಿಟ್ಟು ಅಂಚು ದಾಟಿ ಕಟ್ಟೆಯ ಮೇಲೆ ಇಳಿದು ನೆಲದ ಕಡೆಗೆ ಹೊರಟಿತ್ತು. ನಾನು ನೋಟುಬುಕ್ಕು ತಂದೆ. ಬೆರಳಿಟ್ಟು ಅಳೆದೆ, ಚೆಲ್ಲಿದ್ದನ್ನೂ ಬಾಚಿ ಅಂದಾಜು ಮಾಡಿದೆ. ಮೋಡ, ಬಾವಿಯ ನೀರು, ಉಪ್ಪು ಆಮೇಲೆ, ಕೈಯಲ್ಲಿ ಕಲಸಿದ್ದು. ಏಳೂವರೆ ಬೆರಳು. 'ಕೈ' ಎಂಬ ಮನೆಯಲ್ಲಿ ವಿಶಾಲಾಕ್ಷಿ ಎಂದು ಪೂರ್ತಿ ಹೆಸರು ಬರೆದೆ. ಹಳೆಯ ಮೂರು ದಿನದ ಖಾಲಿ ಮನೆಗಳಿಗೂ ಹೋಗಿ ಬರೆದೆ.

ಹೊರಗೆ ಮೇಡಂ, ಶ್ರೀಕಂಠಯ್ಯನವರು ಬಂದು ಕೂತಾಗಿತ್ತು. ಅವರ ಹಿಂದೆ, ಯಾವತ್ತೂ ಹೋಟೆಲಿನ ಕಡೆ ಬಾರದ ಪುಟ್ಟಸ್ವಾಮಪ್ಪನವರೂ ಕೋಲೂರಿಕೊಂಡು ಬರುತ್ತಿದ್ದರು. ವಿಶಾಲು ಇಡ್ಲಿ ತಟ್ಟೆಗೆ ಎಣ್ಣೆ ಸವರುತ್ತಾ ನನ್ನ ಹೆಗಲ ಮೇಲಿಂದ ಬಗ್ಗಿ ನೋಟುಬುಕ್ಕು ಓದಿದಳು. ತನ್ನ ಹೆಸರನ್ನು ಎರಡು ಸಲ ಓದಿದಳು.

"ಈ ಸಲ ಅಂಟಿಸ್ಬೇಡಕ್ಕ," ಎಂದಳು, "ಹಿಟ್ಟು ದಂಡ."

ನಾನು ನೋಟುಬುಕ್ಕನ್ನು ಮುಚ್ಚದೆ ಹಾಗೇ ಕಿಟಕಿಯ ಮೇಲೆ ಶಾಯಿ ಆರಲು ಇಟ್ಟು, ಚಟ್ನಿಗೆ ತೆಂಗಿನಕಾಯಿ ತುರಿಯಲು ಕೂತೆ.